ರೈಲ್ವೆ ಗೇಟಿನ ಮುಂದೆ ಎರಡು ನಿಮಿಷ

ಅಡಿಕೆ ಧಾರಣೆ, ಕೊಳೆರೋಗ, ಕಾಫಿಯ ಕಾಂಡಕೊರಕ ಇವುಗಳ ನಡುವೆ ರೈಲ್ವೆ ಗೇಟಿನ ಮಾತು ಎಲ್ಲಿಂದ ಬಂತು ಎಂದು ಸದಸ್ಯ ಬಂಧುಗಳು ಕೇಳಬಹುದು. ಅದರಲ್ಲೂ ಶಿಕಾರಿಪುರ ಮತ್ತು ಸೊರಬ ತಾಲ್ಲೂಕಿನವರಿಗೆ ರೈಲು ಮನೆಬಾಗಿಲಿನ ವಸ್ತುವಲ್ಲ. ರೈಲು ಹತ್ತಬೇಕಾದರೆ ನಾವು ಶಿವಮೊಗ್ಗಕ್ಕೋ, ಸಾಗರಕ್ಕೋ, ತಾಳಗುಪ್ಪಕ್ಕೋ, ಇಲ್ಲವೆ ಘಟ್ಟದ ಸೆರಗು ಇಳಿದು ಹಾವೇರಿ, ರಾಣೆಬೆನ್ನೂರಿಗೋ ಹೋಗುವವರು.

ಈ ಲೇಖನ ಬರೆಯಲು ಕಾರಣವೂ ಅದೇ. ಹಳಿಯ ಪಕ್ಕದ ಊರಿನವನಿಗೆ ಯಾವ ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ, ಯಾವ ತಿರುವಿನಲ್ಲಿ ಶಿಳ್ಳೆ ಹಾಕುತ್ತದೆ ಎಂಬುದೆಲ್ಲ ಬಾಯಿಪಾಠ. ನಮ್ಮ ಹುಡುಗರಿಗೆ ಆ ಅಭ್ಯಾಸವಿಲ್ಲ. ಉಳವಿಯಿಂದಲೋ ಶಿರಾಳಕೊಪ್ಪದಿಂದಲೋ ಅಡಿಕೆ ಮೂಟೆ ಹೇರಿಕೊಂಡು ಹೊರಟ ಚಾಲಕ ವರ್ಷಕ್ಕೆ ನಾಲ್ಕಾರು ಬಾರಿ ಮಾತ್ರ ಹಳಿ ದಾಟುತ್ತಾನೆ. ಅಪರೂಪಕ್ಕೆ ದಾಟುವವನೇ ಹೆಚ್ಚು ಎಚ್ಚರವಾಗಿರಬೇಕು. ಆದರೆ ಕೊಯ್ಲಿನ ಕಾಲದಲ್ಲಿ ಅವನೇ ಹೆಚ್ಚು ಅವಸರದಲ್ಲಿರುತ್ತಾನೆ.

ಅವಸರ ಯಾರದು?

ಕೊಯ್ಲಿನ ದಿನಗಳ ಒಂದು ಬೆಳಗನ್ನು ನೆನೆಯಿರಿ. ಕೊನೆಗಾರರು ಬಂದಾಗಿದೆ, ಸುಲಿಯುವವರು ಕಾದಿದ್ದಾರೆ, ಒಲೆಯ ಮೇಲೆ ಹಂಡೆ ಕುದಿಯುತ್ತಿದೆ, ಅಂಗಳದಲ್ಲಿ ಒಣಗಿದ ರಾಶಿ ಇಡಿ ಮಂಡಿಗೆ ಹೋಗಬೇಕಾಗಿದೆ. ಮೋಡ ಬೇರೆ ಕಟ್ಟಿದೆ. ಆಗ ತೋಟದ ಯಜಮಾನರ ಬಾಯಿಂದ ಬರುವ ಮಾತು ಒಂದೇ: "ಬೇಗ ಹೋಗಿ ಬಾ ಮಾರಾಯ, ತಡ ಆದ್ರೆ ಇವತ್ತಿನ ವ್ಯಾಪಾರ ತಪ್ಪಿಹೋಗ್ತದೆ."

ಈ ಮಾತಿನಲ್ಲಿ ಕೆಡುಕೇನೂ ಇಲ್ಲ, ನಾವೆಲ್ಲರೂ ಆಡುವ ಮಾತೇ. ಆದರೆ ಅದನ್ನು ಕಿವಿಯಲ್ಲಿಟ್ಟುಕೊಂಡು ಹೊರಟ ಡ್ರೈವರು ಮುಚ್ಚುತ್ತಿರುವ ಗೇಟನ್ನು ಕಂಡಾಗ ಬ್ರೇಕ್ ಒತ್ತುವ ಬದಲು ಆಕ್ಸಿಲರೇಟರ್ ಒತ್ತುತ್ತಾನೆ. ಅಪಘಾತವಾದ ಮೇಲೆ ಪೊಲೀಸ್ ದಾಖಲೆಯಲ್ಲಿ ಅವನ ಹೆಸರೊಂದೇ ಇರುತ್ತದೆ. ಅವನನ್ನು ಅವಸರಪಡಿಸಿದವರ ಹೆಸರು ಎಲ್ಲಿಯೂ ಬರುವುದಿಲ್ಲ.

ಕಾನೂನು ಏನು ಹೇಳುತ್ತದೆ

ಮೋಟಾರು ವಾಹನಗಳ ಕಾಯಿದೆ, 1988ರ 131ನೆಯ ಕಲಂ ನಮ್ಮ ಪ್ರತಿಯೊಬ್ಬ ಚಾಲಕನಿಗೂ ತಿಳಿದಿರಬೇಕು. ಕಾವಲಿಲ್ಲದ ರೈಲ್ವೆ ಕ್ರಾಸಿಂಗ್ ಸಮೀಪಿಸಿದಾಗ ಚಾಲಕನು ವಾಹನವನ್ನು ನಿಲ್ಲಿಸಲೇಬೇಕು. ಕ್ಲೀನರ್, ಕಂಡಕ್ಟರ್ ಅಥವಾ ವಾಹನದಲ್ಲಿರುವ ಬೇರೆ ಯಾರಾದರೂ ಇಳಿದು, ಹಳಿಯವರೆಗೆ ನಡೆದುಹೋಗಿ, ಎರಡೂ ಕಡೆಯಿಂದ ರೈಲಾಗಲಿ ಟ್ರಾಲಿಯಾಗಲಿ ಬರುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಮುಂದೆ ನಿಂತು ವಾಹನವನ್ನು ದಾಟಿಸಬೇಕು. ಜೊತೆಗೆ ಯಾರೂ ಇಲ್ಲದಿದ್ದರೆ ಚಾಲಕನೇ ಇಳಿದು ನೋಡಿ ಬರಬೇಕು. ಕಾನೂನಿನ ಭಾಷೆ ಸಾಮಾನ್ಯವಾಗಿ ಕಗ್ಗಂಟಾಗಿರುತ್ತದೆ. ಈ ಕಲಮನ್ನು ಮಾತ್ರ ಹಿರಿಯರೊಬ್ಬರು ಮನೆಯ ಹುಡುಗನಿಗೆ ಹೇಳಿದ ಬುದ್ಧಿಮಾತಿನಂತೆ ಓದಬಹುದು.

ಇದಕ್ಕೆ ಜೊತೆಯಾಗಿ ರೈಲ್ವೆ ಕಾಯಿದೆ, 1989 ಇದೆ. ಅದರ 161ನೆಯ ಕಲಮಿನ ಪ್ರಕಾರ ಕಾವಲಿಲ್ಲದ ಕ್ರಾಸಿಂಗನ್ನು ನಿರ್ಲಕ್ಷ್ಯದಿಂದ ದಾಟಿದವನಿಗೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ನಿಲ್ಲಿಸಿ ನೋಡದೆ ದಾಟುವುದೂ, ರೈಲು ಬರುತ್ತಿರುವುದು ಕಂಡಿದ್ದೂ ದಾಟುವುದೂ ನಿರ್ಲಕ್ಷ್ಯವೇ ಎಂದು ಆ ಕಲಂ ಬಿಡಿಸಿ ಹೇಳುತ್ತದೆ. 160ನೆಯ ಕಲಂ ಕಾವಲಿರುವ ಗೇಟುಗಳಿಗೆ ಸಂಬಂಧಿಸಿದ್ದು. ರಸ್ತೆಗೆ ಮುಚ್ಚಿರುವ ಗೇಟನ್ನು ರೈಲ್ವೆ ನೌಕರನಲ್ಲದವನು ತೆರೆದರೆ ಮೂರು ವರ್ಷದವರೆಗೆ, ಮುರಿದರೆ ಐದು ವರ್ಷದವರೆಗೆ ಶಿಕ್ಷೆಗೆ ಅವಕಾಶವಿದೆ.

ಹಾಗೆಂದು ಹೊಣೆಯೆಲ್ಲ ಚಾಲಕನದೇ ಎಂದು ತಿಳಿಯಬೇಕಾಗಿಲ್ಲ. 1979ರ ಮೇ 9ರಂದು ಕೇರಳದಲ್ಲಿ ಕಾವಲಿಲ್ಲದ ಕ್ರಾಸಿಂಗಿನಲ್ಲಿ ಬಾಡಿಗೆಯ ಬಸ್ಸೊಂದಕ್ಕೆ ಜಯಂತಿ ಜನತಾ ಎಕ್ಸ್‌ಪ್ರೆಸ್ ಡಿಕ್ಕಿ ಹೊಡೆದು 40 ಪ್ರಯಾಣಿಕರೂ ಚಾಲಕನೂ ಸತ್ತರು. ಆ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 1997ರಲ್ಲಿ ತೀರ್ಮಾನವಾಯಿತು. ನಿಂತು, ನೋಡಿ, ಕಿವಿಗೊಟ್ಟು ದಾಟುವುದು ಚಾಲಕನ ಕರ್ತವ್ಯವೆಂದು ಒಪ್ಪುತ್ತಲೇ, ವಾಹನ ಸಂಚಾರ ಹೆಚ್ಚಿರುವ ಕಡೆ ಕಾವಲಿಡದೆ ಬಿಟ್ಟ ರೈಲ್ವೆಗೂ ಹೊಣೆಯಿದೆ ಎಂದು ನ್ಯಾಯಾಲಯ ಹೇಳಿತು. ಆದರೆ ಆ ತೀರ್ಪು ಬರುವ ಹೊತ್ತಿಗೆ ಸತ್ತವರ ಮನೆಯವರು ಹದಿನೆಂಟು ವರ್ಷ ಕಳೆದಿದ್ದರು.

ಈಗ ಗೇಟಿಗೆಲ್ಲ ಕಾವಲಿದೆಯಲ್ಲ?

ಹೌದು. 2018ರ ಏಪ್ರಿಲ್ 26ರಂದು ಉತ್ತರ ಪ್ರದೇಶದ ಕುಶಿನಗರದಲ್ಲಿ ಶಾಲೆಯ ವ್ಯಾನೊಂದು ಕಾವಲಿಲ್ಲದ ಕ್ರಾಸಿಂಗಿನಲ್ಲಿ ರೈಲಿಗೆ ಸಿಕ್ಕಿ 13 ಮಕ್ಕಳು ಸತ್ತರು. ಚಾಲಕ ಕಿವಿಗೆ ಇಯರ್‌ಫೋನ್ ಹಾಕಿಕೊಂಡಿದ್ದನೆಂದು ಆಗ ವರದಿಯಾಗಿತ್ತು. ಆ ದುರಂತದ ನಂತರ ಕೆಲಸ ಚುರುಕಾಗಿ, 2019ರ ಜನವರಿ ವೇಳೆಗೆ ದೇಶದ ಬ್ರಾಡ್‌ಗೇಜ್ ಮಾರ್ಗಗಳಲ್ಲಿದ್ದ ಕಾವಲಿಲ್ಲದ ಕ್ರಾಸಿಂಗುಗಳನ್ನೆಲ್ಲ ತೆಗೆದುಹಾಕಲಾಯಿತು. ಕೆಲವನ್ನು ಮುಚ್ಚಿದರು, ಕೆಲವಕ್ಕೆ ಕೆಳಸೇತುವೆ ಕಟ್ಟಿದರು, ಉಳಿದವಕ್ಕೆ ಗೇಟ್‌ಮನ್ ನೇಮಿಸಿದರು. ಇದು ದೊಡ್ಡ ಕೆಲಸವೇ ಸರಿ.

ಆದರೆ ಗೇಟ್‌ಮನ್ ಇದ್ದಾನೆಂದು ನಮ್ಮ ಕಣ್ಣಿಗೆ ರಜೆ ಕೊಡುವಂತಿಲ್ಲ. ಎರಡು ಘಟನೆಗಳನ್ನು ಇಲ್ಲಿ ನೆನೆಯಬೇಕು.

2025ರ ಜುಲೈ 8ರಂದು ತಮಿಳುನಾಡಿನ ಕಡಲೂರು ಬಳಿಯ ಸೆಮ್ಮಂಗುಪ್ಪಂನಲ್ಲಿ ಶಾಲಾ ವಾಹನಕ್ಕೆ ರೈಲು ಬಡಿದು ಮೂವರು ವಿದ್ಯಾರ್ಥಿಗಳು ಸತ್ತರು. ಅದು ಕಾವಲಿದ್ದ ಗೇಟು. ಗೇಟಿಗೂ ಸಿಗ್ನಲ್ಲಿಗೂ ಪರಸ್ಪರ ಬೀಗದ ಸಂಬಂಧ, ಅಂದರೆ ಇಂಟರ್‌ಲಾಕಿಂಗ್, ಅಲ್ಲಿರಲಿಲ್ಲ. ತಪ್ಪು ಯಾರದೆಂಬ ಬಗ್ಗೆ ಆರೋಪ ಪ್ರತ್ಯಾರೋಪಗಳು ನಡೆದವು. ನಮ್ಮ ಮಟ್ಟಿಗೆ ಪಾಠ ಇಷ್ಟೇ: ಗೇಟ್ ತೆರೆದಿದೆ ಎಂದರೆ ರೈಲು ಬರುತ್ತಿಲ್ಲ ಎಂದು ಕಣ್ಣು ಮುಚ್ಚಿ ನಂಬಬಾರದು.

ಇನ್ನೊಂದು ನಮ್ಮ ರಾಜ್ಯಕ್ಕೆ ಹತ್ತಿರದ್ದು. 2015ರ ಆಗಸ್ಟ್ 24ರ ನಸುಕಿನಲ್ಲಿ, ಆಂಧ್ರದ ಅನಂತಪುರ ಜಿಲ್ಲೆಯ ಪೆನುಕೊಂಡ ಸಮೀಪ, ಗ್ರಾನೈಟ್ ಹೇರಿದ್ದ ಲಾರಿಯೊಂದು ಹತೋಟಿ ತಪ್ಪಿ ಮುಚ್ಚಿದ್ದ ಗೇಟನ್ನು ಮುರಿದು, ಹೋಗುತ್ತಿದ್ದ ಬೆಂಗಳೂರು–ನಾಂದೇಡ್ ಎಕ್ಸ್‌ಪ್ರೆಸ್ಸಿಗೆ ನುಗ್ಗಿತು. ರಾಯಚೂರು ಜಿಲ್ಲೆಯ ದೇವದುರ್ಗದ ಶಾಸಕರಾಗಿದ್ದ ಎ. ವೆಂಕಟೇಶ ನಾಯಕ ಸೇರಿ ಹಲವರು ಪ್ರಾಣ ಕಳೆದುಕೊಂಡರು. ರೈಲು ವಾಹನಕ್ಕೆ ಬಡಿಯುವುದನ್ನು ಕೇಳಿದ್ದೇವೆ, ಇಲ್ಲಿ ವಾಹನವೇ ರೈಲಿಗೆ ಬಡಿಯಿತು. ಭಾರ ಹೇರಿದ ಗಾಡಿ ಮತ್ತು ಗೇಟಿಗೆ ಇಳಿಯುವ ರಸ್ತೆ ಎರಡೂ ಸೇರಿದರೆ ಅಪಾಯ ಎಷ್ಟೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಮಲೆನಾಡಿನಲ್ಲಿ ಇಳಿಜಾರಿಲ್ಲದ ರಸ್ತೆ ಎಲ್ಲಿದೆ? ಮಿತಿಮೀರಿ ಮೂಟೆ ಹೇರಿ, ಸವೆದ ಬ್ರೇಕಿನ ಗಾಡಿಯನ್ನು ರಸ್ತೆಗೆ ಬಿಡುವ ಮಾಲೀಕನೂ ಗೇಟಿನ ಬಳಿಯ ಅಪಘಾತದಲ್ಲಿ ಪಾಲುದಾರನೇ.

ಲೆಕ್ಕ ಹಾಕಿ ನೋಡೋಣ

ನಾವು ಕೃಷಿಕರು ತೂಕ ಮತ್ತು ಅಳತೆಯನ್ನು ನಂಬುವವರು. ಹಾಗಾಗಿ ಈ ವಿಷಯವನ್ನೂ ಲೆಕ್ಕದಲ್ಲಿಯೇ ನೋಡೋಣ.

ಟ್ರಾಕ್ಟರು ಮತ್ತು ಟ್ರೇಲರು ಸೇರಿ ಉದ್ದ ಸುಮಾರು 8 ಮೀಟರ್ ಎಂದಿಟ್ಟುಕೊಳ್ಳಿ. ಹಳಿಗೆ 5 ಮೀಟರ್ ಹಿಂದೆ ನಿಂತು ಹೊರಟು, ಟ್ರೇಲರಿನ ಹಿಂಬದಿ ಹಳಿಯಿಂದ 5 ಮೀಟರ್ ಆಚೆ ಹೋಗಬೇಕಾದರೆ, ಹಳಿಯ ಅಗಲವೂ ಸೇರಿ ಒಟ್ಟು 20 ಮೀಟರ್ ಸಾಗಬೇಕು. ಮೂಟೆ ತುಂಬಿದ ಟ್ರಾಕ್ಟರು ಮೊದಲ ಗೇರಿನಲ್ಲಿ ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಹೋದರೆ ಇದಕ್ಕೆ 14 ಸೆಕೆಂಡು ಬೇಕು.

ಈಗ ರೈಲಿನ ಕಡೆ ನೋಡಿ. ಲೆವೆಲ್ ಕ್ರಾಸಿಂಗಿಗೆ 600 ಮೀಟರ್ ದೂರದಲ್ಲಿ ಶಿಳ್ಳೆ ಹಾಕಲು ಸೂಚಿಸುವ ಫಲಕ ಇರುತ್ತದೆ. ರೈಲು ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿದ್ದರೆ ಸೆಕೆಂಡಿಗೆ 25 ಮೀಟರ್ ಓಡುತ್ತದೆ. ಅಂದರೆ ಶಿಳ್ಳೆ ಕೇಳಿಸಿದ 24 ಸೆಕೆಂಡಿಗೆ ಇಂಜಿನ್ ಗೇಟಿನ ಮೇಲಿರುತ್ತದೆ. ನಮಗೆ ಉಳಿಯುವ ಅಂತರ 10 ಸೆಕೆಂಡು. ಅಷ್ಟರಲ್ಲಿ ಗೇರ್ ಸಿಕ್ಕಿಹಾಕಿಕೊಂಡರೆ, ಇಂಜಿನ್ ನಿಂತುಹೋದರೆ, ಚಕ್ರ ಜಲ್ಲಿಯಲ್ಲಿ ಜಾರಿದರೆ ಆ ಹತ್ತು ಸೆಕೆಂಡೂ ಇಲ್ಲ. ಟ್ರಾಕ್ಟರಿನ ಸದ್ದಿನಲ್ಲಿ ಶಿಳ್ಳೆಯೇ ಕೇಳಿಸದಿದ್ದರಂತೂ ಲೆಕ್ಕದ ಮಾತೇ ಬರುವುದಿಲ್ಲ.

"ರೈಲಿನ ಡ್ರೈವರು ನಮ್ಮನ್ನು ನೋಡಿ ನಿಲ್ಲಿಸುವುದಿಲ್ಲವೆ?" ಎಂದು ಕೇಳುವವರಿದ್ದಾರೆ. ಅವನು ಬ್ರೇಕ್ ಹಾಕಿಯೇ ಹಾಕುತ್ತಾನೆ. ಆದರೆ ನೂರಾರು ಟನ್ ತೂಕದ ಗಾಡಿ ಕಬ್ಬಿಣದ ಹಳಿಯ ಮೇಲೆ ಉಕ್ಕಿನ ಚಕ್ರದಲ್ಲಿ ಓಡುತ್ತಿರುತ್ತದೆ. ವೇಗ, ತೂಕ, ಇಳಿಜಾರುಗಳನ್ನು ಅನುಸರಿಸಿ ಅದು ನಿಲ್ಲಲು ಅರ್ಧ ಕಿಲೋಮೀಟರಿನಿಂದ ಒಂದು ಕಿಲೋಮೀಟರಿಗೂ ಮೀರಿದ ದೂರ ಬೇಕಾಗಬಹುದು. ಪಕ್ಕಕ್ಕೆ ತಿರುಗಿಸಲು ಅವನ ಕೈಯಲ್ಲಿ ಸ್ಟೀರಿಂಗ್ ಇಲ್ಲ. ಇನ್ನೊಂದು ಮೋಸ ನಮ್ಮ ಕಣ್ಣಿನದು. ದೊಡ್ಡ ವಸ್ತು ನೇರವಾಗಿ ನಮ್ಮತ್ತ ಬರುವಾಗ ನಿಜಕ್ಕಿಂತ ನಿಧಾನವಾಗಿ ಬರುತ್ತಿರುವಂತೆ ತೋರುತ್ತದೆ. "ಇನ್ನೂ ದೂರ ಇದೆ" ಎಂದು ಅನ್ನಿಸುವುದು ಇದರಿಂದಲೇ.

ನಮ್ಮ ಭಾಗದ ಹಿರಿಯರಿಗೆ ಹಳೆಯ ನೆನಪೂ ಅಡ್ಡ ಬರುತ್ತದೆ. ಶಿವಮೊಗ್ಗ–ತಾಳಗುಪ್ಪ ಮಾರ್ಗ ಬಹುಕಾಲ ಮೀಟರ್‌ಗೇಜ್ ಆಗಿತ್ತು. ಅರಸಾಳು, ಆನಂದಪುರದ ಕಾಡಿನ ನಡುವೆ ಗಾಡಿ ಸಾವಕಾಶವಾಗಿ ಬರುತ್ತಿತ್ತು. ಕೆಲವು ವರ್ಷ ಬಸ್ಸಿನಂಥ ರೈಲುಬಸ್ಸೂ ಓಡಿತು. ಆ ನಿಧಾನವೇ ಅರಸಾಳು ನಿಲ್ದಾಣವನ್ನು ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’ ಧಾರಾವಾಹಿಗೆ ಒಪ್ಪುವಂತೆ ಮಾಡಿತ್ತೋ ಏನೋ. ಆದರೆ 2011ರ ಹೊತ್ತಿಗೆ ಮಾರ್ಗವೆಲ್ಲ ಬ್ರಾಡ್‌ಗೇಜ್ ಆಗಿದೆ. ಹಳೆಯ ಗಾಡಿಯ ವೇಗವನ್ನು ಮನಸ್ಸಿನಲ್ಲಿಟ್ಟುಕೊಂಡು ಇಂದಿನ ಹಳಿ ದಾಟುವುದು ಅಪಾಯ.

ಗೇಟು ಅಷ್ಟು ಹೊತ್ತು ಏಕೆ ಮುಚ್ಚಿರುತ್ತದೆ?

ಗೇಟಿನ ಬಳಿ ಕಾದು ನಿಂತವರ ದೂರು ಯಾವಾಗಲೂ ಇದೇ: "ರೈಲು ಕಾಣುವುದೇ ಇಲ್ಲ, ಆಗಲೇ ಗೇಟ್ ಹಾಕಿ ಕೂತಿದ್ದಾನೆ." ಇದರ ಒಳಗುಟ್ಟು ತಿಳಿದರೆ ಸಿಟ್ಟು ಅರ್ಧ ಇಳಿಯುತ್ತದೆ.

ಇಂಟರ್‌ಲಾಕ್ ಇರುವ ಗೇಟಿನಲ್ಲಿ, ಗೇಟು ಪೂರ್ತಿ ಮುಚ್ಚಿ ಬೀಗ ಬೀಳುವವರೆಗೆ ರೈಲಿಗೆ ಹಸಿರು ಸಿಗ್ನಲ್ ಬೀಳುವುದಿಲ್ಲ. ರೈಲು ಆ ಸಿಗ್ನಲ್ ಕಾಣುವ ದೂರಕ್ಕೆ ಬರುವ ಮೊದಲೇ ಅದು ಹಸಿರಾಗಿರಬೇಕು. ಇಲ್ಲವಾದರೆ ಚಾಲಕ ಬ್ರೇಕ್ ಹಾಕಬೇಕಾಗುತ್ತದೆ. ಆದ್ದರಿಂದ ರೈಲು ಕಣ್ಣಿಗೆ ಬೀಳುವ ಎಷ್ಟೋ ಮುಂಚೆ ಗೇಟ್ ಮುಚ್ಚುವುದು ಅನಿವಾರ್ಯ. ಇಂಟರ್‌ಲಾಕ್ ಇಲ್ಲದ ಕಡೆ ಸ್ಟೇಷನ್ ಮಾಸ್ಟರು ಫೋನಿನಲ್ಲಿ ತಿಳಿಸುತ್ತಾರೆ. ಗೇಟ್‌ಮನ್ ಗೇಟ್ ಮುಚ್ಚಿ, ಮುಚ್ಚಿದ್ದೇನೆಂದು ಗುಪ್ತ ಸಂಖ್ಯೆಯೊಂದನ್ನು ಹೇಳಿ ದೃಢಪಡಿಸಬೇಕು. ಆ ಸಂಖ್ಯೆ ಕೊಟ್ಟ ಮೇಲೆ, ಎದುರಿಗೆ ಹತ್ತು ಲಾರಿ ಹಾರನ್ ಹೊಡೆದರೂ ಅವನು ಗೇಟ್ ತೆರೆಯುವಂತಿಲ್ಲ.

ಒಂಟಿಯಾಗಿ ಕುಳಿತು ದುಡಿಯುವ ಆ ಮನುಷ್ಯನನ್ನು ಬೈದು, ಹೆದರಿಸಿ, "ನಮ್ಮದೊಂದು ಗಾಡಿ ಬಿಡು" ಎಂದು ಪೀಡಿಸುವುದು ನಮ್ಮ ಕಡೆಯೂ ಇಲ್ಲದ ಅಭ್ಯಾಸವೇನಲ್ಲ. ಅವನು ಒಮ್ಮೆ ನಮ್ಮ ಮಾತಿಗೆ ಮಣಿದರೆ ಆ ಮಣಿತದ ಬೆಲೆಯನ್ನು ರೈಲಿನಲ್ಲಿರುವ ನೂರಾರು ಜನ ತೆರಬೇಕಾಗಬಹುದು.

ಹಾವೇರಿ, ರಾಣೆಬೆನ್ನೂರಿನ ಕಡೆ ಹೋಗುವ ಆನವಟ್ಟಿ, ಶಿರಾಳಕೊಪ್ಪದ ಸದಸ್ಯರು ಇನ್ನೊಂದು ವಿಷಯ ಗಮನಿಸಬೇಕು. ಆ ಹುಬ್ಬಳ್ಳಿ ಮಾರ್ಗದಲ್ಲಿ ಹಳಿಗಳು ಜೋಡಿ. ಒಂದು ರೈಲು ದಾಟಿ ಹೋದ ಕೂಡಲೆ ಗೇಟಿನ ಕೆಳಗೆ ನುಸುಳುವ ಬೈಕಿನವನಿಗೆ, ಆ ರೈಲಿನ ಮರೆಯಲ್ಲಿ ಎದುರು ಹಳಿಯಿಂದ ಬರುವ ಇನ್ನೊಂದು ಕಾಣುವುದಿಲ್ಲ.

ಮೇಲೆಯೂ ನೋಡಿ

ವಿದ್ಯುತ್ ರೈಲು ಓಡುವ ಮಾರ್ಗಗಳಲ್ಲಿ ಹಳಿಯ ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇರುತ್ತದೆ. ತಗುಲಬೇಕೆಂದೇನೂ ಇಲ್ಲ, ತೀರ ಸಮೀಪ ಹೋದರೂ ಅದು ಹಾರಿ ಬಡಿಯುತ್ತದೆ. ಇದಕ್ಕಾಗಿಯೇ ಗೇಟಿನ ಎರಡೂ ಕಡೆ ರಸ್ತೆಗೆ ಅಡ್ಡಲಾಗಿ 4.67 ಮೀಟರ್ ಎತ್ತರದಲ್ಲಿ ಕಮಾನು ನಿಲ್ಲಿಸಿರುತ್ತಾರೆ. ಹುಲ್ಲು, ಅಡಿಕೆ ಸೋಗೆ, ಬಿದಿರು ಹೇರಿದ ಲಾರಿಗಳು ಈ ಮಿತಿ ಮೀರುವುದು ಸುಲಭ. ಹೊರೆಯ ಮೇಲೆ ಆಳುಗಳನ್ನು ಕೂರಿಸಿ ಗೇಟ್ ದಾಟಿಸುವುದಂತೂ ಸಾವನ್ನು ಕರೆದಂತೆ. ಉದ್ದನೆಯ ದೋಟಿಯನ್ನು ನೆಟ್ಟಗೆ ಹಿಡಿದು ಹಳಿ ದಾಟುವವರಿಗೂ ಈ ಮಾತು ಅನ್ವಯಿಸುತ್ತದೆ. ವಿದ್ಯುತ್ ಇಂಜಿನ್ನಿನ ಸದ್ದು ಡೀಸೆಲ್ ಇಂಜಿನ್ನಿಗಿಂತ ಕಡಿಮೆ ಎಂಬುದೂ ನೆನಪಿರಲಿ.

ನಮ್ಮ ಊರಿಗೇ ರೈಲು ಬರುವಾಗ

ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ಹೊಸ ಮಾರ್ಗದ ಕೆಲಸ ನಡೆಯುತ್ತಿರುವುದು ಸದಸ್ಯರಿಗೆಲ್ಲ ತಿಳಿದದ್ದೇ. ಸುಮಾರು 103 ಕಿಲೋಮೀಟರ್ ಉದ್ದದ ಈ ಮಾರ್ಗ ಮುಗಿದರೆ ನಮ್ಮ ಬೆಳೆಗೂ ಮಕ್ಕಳ ಓದಿಗೂ ಅನುಕೂಲ. ಹೊಸ ಮಾರ್ಗಗಳಲ್ಲಿ ಲೆವೆಲ್ ಕ್ರಾಸಿಂಗ್ ಇಡದೆ, ರಸ್ತೆಯನ್ನು ಹಳಿಯ ಮೇಲಿನಿಂದಲೋ ಕೆಳಗಿನಿಂದಲೋ ದಾಟಿಸುವುದು ರೈಲ್ವೆಯ ಈಗಿನ ನೀತಿ. ಶಿವಮೊಗ್ಗದಲ್ಲಿಯೇ ನಾವು ಶಿಕಾರಿಪುರದಿಂದ ಹೋಗುವಾಗ ಕಾಯುತ್ತಿದ್ದ ಸವಳಂಗ ರಸ್ತೆಯ ಗೇಟಿನ ಕಡೆ ಈಗ ಮೇಲ್ಸೇತುವೆ ಎದ್ದಿದೆ.

ಗೇಟು ಇಲ್ಲದ ಮಾತ್ರಕ್ಕೆ ಹಳಿ ದಾಟುವವರು ಇಲ್ಲವೆಂದಲ್ಲ. ತೋಟ ಒಂದು ಕಡೆ, ಮನೆ ಇನ್ನೊಂದು ಕಡೆ ಆದಾಗ, ಕೆಳಸೇತುವೆ ಅರ್ಧ ಮೈಲಿ ಸುತ್ತು ಎನ್ನಿಸಿದಾಗ, ಜನ ಏರಿ ಹತ್ತಿ ಅಡ್ಡ ಹಾಯುವುದು ಸಹಜ. ದನಗಳಂತೂ ಸೇತುವೆ ಕೇಳುವುದಿಲ್ಲ. ಮಳೆಗಾಲದಲ್ಲಿ ಕೆಳಸೇತುವೆಗೆ ನೀರು ನಿಂತರೆ ಈ ಆಸೆ ಇನ್ನೂ ಹೆಚ್ಚು. ಆದ್ದರಿಂದ ಕಾಮಗಾರಿ ನಡೆಯುವಾಗಲೇ ಗ್ರಾಮಸಭೆಗಳಲ್ಲಿ ಕೇಳಬೇಕು: ನಮ್ಮ ಗಾಡಿದಾರಿ ಎಲ್ಲಿ ದಾಟುತ್ತದೆ? ಮೂಟೆ ಹೇರಿದ ಲಾರಿ ಅದರೊಳಗೆ ಹಿಡಿಯುತ್ತದೆಯೆ? ನೀರು ಹರಿದುಹೋಗಲು ವ್ಯವಸ್ಥೆ ಏನು? ಹಳಿ ಹಾಕಿದ ಮೇಲೆ ಕೇಳಿದರೆ ಉತ್ತರ ಸಿಗುವುದು ಕಷ್ಟ. ಹಳಿ ಬಿದ್ದ ದಿನದಿಂದಲೇ ಜಲ್ಲಿ ಗಾಡಿ, ಪರೀಕ್ಷಾ ಇಂಜಿನ್ನುಗಳು ವೇಳಾಪಟ್ಟಿ ಇಲ್ಲದೆ ಓಡಾಡುತ್ತವೆ. ಪ್ರಯಾಣಿಕರ ರೈಲು ಬರುವವರೆಗೆ ಹಳಿ ಖಾಲಿ ಎಂದು ಯಾರೂ ಭಾವಿಸಬಾರದು.

ಸದಸ್ಯರು ಪಾಲಿಸಬೇಕಾದ ಕೆಲವು ವಿಷಯಗಳು

1. ಗಾಡಿ ಕಳಿಸುವಾಗ ಡ್ರೈವರಿಗೆ "ಗೇಟ್ ಹಾಕಿದ್ರೆ ನಿಂತು ಬಾ, ತಡ ಆದ್ರೆ ನಾನು ಕೇಳಲ್ಲ" ಎಂದು ಬಾಯಿಬಿಟ್ಟು ಹೇಳಿರಿ. ಯಜಮಾನರ ಈ ಒಂದು ಮಾತು ಹತ್ತು ಫಲಕಗಳಿಗೆ ಸಮ.

2. ರೈಲ್ವೆ ಕ್ರಾಸಿಂಗ್ ಇದೆಯೆಂಬ ಮುನ್ಸೂಚನಾ ಫಲಕ 200 ಮೀಟರ್ ಮೊದಲೇ ಕಾಣುತ್ತದೆ. ಅಲ್ಲಿಯೇ ಗೇರ್ ಇಳಿಸಿ, ಮೊಬೈಲು ಮತ್ತು ಹಾಡು ನಿಲ್ಲಿಸಿ, ಕಿಟಕಿ ಇಳಿಸಿ ಕಿವಿಗೊಡಬೇಕು.

3. ಗೇಟ್ ತೆರೆದಿದ್ದರೂ ಎರಡೂ ಕಡೆ ನೋಡಬೇಕು. ಮಂಜು, ಮಳೆ, ತಿರುವು ಇದ್ದು ಹಳಿ ಕಾಣದಿದ್ದರೆ 131ನೆಯ ಕಲಮಿನಂತೆ ಒಬ್ಬರು ಇಳಿದು ನೋಡುವುದೇ ಕ್ಷೇಮ.

4. ಆಚೆ ಬದಿಯಲ್ಲಿ ನಿಮ್ಮ ಗಾಡಿ ಪೂರ್ತಿ ನಿಲ್ಲುವಷ್ಟು ಜಾಗ ಖಾಲಿಯಾದ ಮೇಲೆಯೇ ಹಳಿಗೆ ಇಳಿಯಿರಿ. ಹಳಿಯ ಮೇಲೆ ಗೇರ್ ಬದಲಿಸಬೇಡಿ.

5. ಟ್ರೇಲರಿನಲ್ಲಿ ಜನರನ್ನು ಕೂರಿಸಬೇಡಿ. ಸರಕಿನ ಗಾಡಿಯಲ್ಲಿ ಕುಳಿತವರಿಗೆ ವಿಮೆಯ ಪರಿಹಾರ ಕೈತಪ್ಪುವ ಸಂಭವ ಹೆಚ್ಚು. ಆಗ ಹೊರೆ ಮಾಲೀಕನ ತಲೆಯ ಮೇಲೆಯೇ ಬೀಳುತ್ತದೆ.

6. ಹದಿನೆಂಟು ತುಂಬದ ಹುಡುಗನ ಕೈಗೆ ಟ್ರಾಕ್ಟರು ಕೊಡಬೇಡಿ. 2019ರ ತಿದ್ದುಪಡಿಯಂತೆ ಇದಕ್ಕೆ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ಬೀಳಬಹುದು.

7. ಗಾಡಿ ಹಳಿಯ ಮೇಲೆ ನಿಂತುಹೋದರೆ ಮೊದಲು ಜನರನ್ನು ಇಳಿಸಿ. ಮೂಟೆಯ ಆಸೆ ಬಿಡಿ. ಕೂಡಲೆ ಗೇಟ್‌ಮನ್ನಿಗೆ ತಿಳಿಸಿ. ರೈಲು ನಿಲ್ಲಿಸಲು ಬೇಕಾದ ಕೆಂಪು ಬಾವುಟ, ಹಳಿಯ ಮೇಲಿಡುವ ಪಟಾಕಿ ಅವನ ಬಳಿ ಇರುತ್ತವೆ. ಫೋನಿಗೆ ರೈಲ್ವೆಯ 139 ಅಥವಾ ತುರ್ತು ಸಂಖ್ಯೆ 112. ರೈಲು ಬಂದೇಬಿಟ್ಟರೆ ಹಳಿಯಿಂದ ದೂರಕ್ಕೆ, ರೈಲು ಬರುವ ದಿಕ್ಕಿನ ಕಡೆಗೇ ಓರೆಯಾಗಿ ಓಡಿ. ಬಡಿದ ವಾಹನದ ಚೂರುಗಳು ಹಾರುವುದು ರೈಲು ಹೋಗುವ ದಿಕ್ಕಿಗೆ.

ಕೊನೆಯದಾಗಿ ಒಂದು ಮಾತು. ಅಡಿಕೆ ಕೊಯ್ಯಲು ಮರ ಹತ್ತುವ ಕೊನೆಗಾರ ಮರವನ್ನು ಒಮ್ಮೆ ಅಲುಗಿಸಿ, ತಲೆಯೆತ್ತಿ ನೋಡಿ, ಆಮೇಲೆ ಹತ್ತುತ್ತಾನೆ. ಎಷ್ಟೇ ಅವಸರವಿದ್ದರೂ ಅವನಿಗೆ "ನೋಡದೆ ಹತ್ತು" ಎಂದು ನಾವ್ಯಾರೂ ಹೇಳಿಲ್ಲ. ಗಾಡಿ ಓಡಿಸುವವನಿಗೂ ಅಷ್ಟೇ ಸಮಯ ಕೊಡೋಣ. ಈ ಸಲದ ಕೊಯ್ಲಿಗೆ ಮೊದಲು ಪ್ರತಿಯೊಬ್ಬ ಸದಸ್ಯರೂ ತಮ್ಮ ಡ್ರೈವರನ್ನು ಕೂರಿಸಿಕೊಂಡು ಈ ಪುಟವನ್ನು ಓದಿ ಹೇಳಬೇಕೆಂದು ಕೋರಿಕೆ. ಮಂಡಿ ನಾಳೆಯೂ ತೆರೆಯುತ್ತದೆ, ಸರಕು ನಾಳೆಯೂ ತೂಗುತ್ತದೆ. ಹೋದ ಹುಡುಗ ಮನೆಗೆ ಬರಬೇಕು.